ಬಸುರಿಯ ಸೀನು, ಮಾತ್ರೆಯ ಬೆನ್ನು

ಬಸುರಿಗೆ ವಾಂತಿ ಜಾಸ್ತಿಯಾದಾಗ ಡಾಕ್ಟರು ಬರೆದುಕೊಡುವ ಡಾಕ್ಸಿನೇಟ್ ಎಷ್ಟೋ ಮನೆಗಳಿಗೆ ಪರಿಚಿತ. ಅದರಲ್ಲಿ ಬಿ6 ಜೀವಸತ್ವದ ಜೊತೆಗಿರುವ ಡಾಕ್ಸಿಲಮೀನ್, ಅಲರ್ಜಿ ಔಷಧಿಗಳ ಬಳಗಕ್ಕೇ ಸೇರಿದ ಆಂಟಿಹಿಸ್ಟಮಿನ್. ಅದನ್ನು ನಿಶ್ಚಿಂತೆಯಿಂದ ನುಂಗುವವರೇ ಸೀನಿಗೆ ಸೆಟ್ರಿಜಿನ್ ಬರೆದರೆ ‘ಮಗುವಿಗೇನಾದರೂ ಆದರೆ?’ ಎಂದು ಚೀಟಿ ಮಡಚಿಡುತ್ತಾರೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಸುರಿಯರ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೋಮೈಡ್‌ನಿಂದ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅದನ್ನು ಜರ್ಮನಿಯ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಆ ಬಿಸಿಯಲ್ಲಿ ಡಾಕ್ಸಿಲಮೀನ್ ಕೂಡ ಸಿಕ್ಕಿಬಿತ್ತು. ಅಮೆರಿಕದಲ್ಲಿ ಬೆಂಡೆಕ್ಟಿನ್ ಹೆಸರಿನಲ್ಲಿ ಸಿಗುತ್ತಿದ್ದ ಅದರ ಮೇಲೆ ಮೊಕದ್ದಮೆಗಳ ಮಳೆಯೇ ಸುರಿದು, 1983ರಲ್ಲಿ ತಯಾರಕರು ಉತ್ಪಾದನೆ ನಿಲ್ಲಿಸಿದರು. ಅಧ್ಯಯನದ ಮೇಲೆ ಅಧ್ಯಯನ ನಡೆದರೂ ದೋಷ ಸಾಬೀತಾಗಲಿಲ್ಲ. 2013ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ಜೋಡಿ ಔಷಧಿಗೆ ಮತ್ತೆ ಒಪ್ಪಿಗೆ ಕೊಟ್ಟಿತು.

ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಲ್ಲೂ ನೂರಕ್ಕೆ ಎರಡು ಮೂರು ಶಿಶುಗಳಿಗೆ ಹುಟ್ಟಿನಿಂದಲೇ ಏನಾದರೊಂದು ನ್ಯೂನತೆ ಇರುತ್ತದೆ. ಔಷಧಿ ಆ ಸಂಖ್ಯೆಯನ್ನು ಏರಿಸುತ್ತದೆಯೇ ಎಂಬುದನ್ನು ನೋಡಬೇಕು. ಲೊರಾಟಡಿನ್ ಮತ್ತು ಸೆಟ್ರಿಜಿನ್ ನುಂಗಿದ ಸಾವಿರಾರು ಬಸುರಿಯರ ದಾಖಲೆಗಳಲ್ಲಿ ಅಂಥ ಏರಿಕೆ ಕಂಡಿಲ್ಲ. ಲೊರಾಟಡಿನ್‌ನಿಂದ ಗಂಡುಮಕ್ಕಳ ಮೂತ್ರನಾಳದ ರಂಧ್ರ ಸ್ಥಾನ ತಪ್ಪುತ್ತದೆಂಬ ಗುಮಾನಿ ಸ್ವೀಡನ್ನಿನಲ್ಲಿ ಎದ್ದಿತ್ತು. ಆಮೇಲಿನ ದೊಡ್ಡ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಹಳೆಯ ಕ್ಲೋರ್‌ಫೆನಿರಮಿನ್ ಬಗ್ಗೆಯೂ ದಶಕಗಳ ಅನುಭವವಿದೆ, ಆದರೆ ತೂಕಡಿಕೆ ವಿಪರೀತ. ತುರಿಕೆಗೆಂದು ನಮ್ಮಲ್ಲಿ ಧಾರಾಳವಾಗಿ ಕೊಡುವ ಹೈಡ್ರಾಕ್ಸಿಜಿನ್ ಮಾತ್ರ ಮೊದಲ ತಿಂಗಳುಗಳಲ್ಲಿ ಬೇಡ.

ಮೊದಲ ತಿಂಗಳುಗಳೇ ಯಾಕೆ? ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು ಐದರಿಂದ ಹತ್ತನೇ ವಾರದೊಳಗೆ ಭ್ರೂಣದ ಹೃದಯ, ಕೈಕಾಲು, ಮುಖ ರೂಪ ತಳೆಯುತ್ತವೆ. ಎಷ್ಟೋ ಸಲ ಬಸುರಿನ ಸುದ್ದಿ ತಿಳಿಯುವ ಮೊದಲೇ ಆ ಕೆಲಸ ಶುರುವಾಗಿರುತ್ತದೆ. ಗೊತ್ತಿಲ್ಲದೆ ಒಂದೆರಡು ಸೆಟ್ರಿಜಿನ್ ನುಂಗಿದ್ದರೆ ಗಾಬರಿ ಬೇಡ, ಡಾಕ್ಟರಿಗೆ ಹೇಳಿದರೆ ಸಾಕು.

ಮೂಗು ಕಟ್ಟಿದ್ದೆಲ್ಲ ಅಲರ್ಜಿಯೂ ಅಲ್ಲ. ಸುಮಾರು ಐವರು ಬಸುರಿಯರಲ್ಲಿ ಒಬ್ಬರಿಗೆ ಹಾರ್ಮೋನಿನ ಏರಿಳಿತಕ್ಕೇ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಹೆರಿಗೆಯಾದ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೆ ಅಲರ್ಜಿ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಕಣ್ಣು ತುರಿಸುತ್ತಾ, ಸಾಲುಸಾಲು ಸೀನು ಬರುತ್ತಾ, ಖಾಲಿ ಸೈಟಿನ ಪಾರ್ಥೇನಿಯಂ ಹೂಬಿಟ್ಟಾಗ ಇಲ್ಲವೇ ಅಟ್ಟದ ಧೂಳು ಕೆದಕಿದಾಗ ಹೆಚ್ಚಾಗುತ್ತಿದ್ದರೆ ಅಲರ್ಜಿ ಎನ್ನಬಹುದು. ಎರಡಕ್ಕೂ ಮೊದಲ ಉಪಾಯ ಉಪ್ಪುನೀರಿನಿಂದ ಮೂಗು ತೊಳೆಯುವುದು. ನೀರು ಕುದಿಸಿ ಆರಿಸಿದ್ದಾಗಿರಲಿ. ನಲ್ಲಿ, ಬಾವಿಯ ಹಸಿ ನೀರಿನಲ್ಲಿ ಮಿದುಳು ತಿನ್ನುವ ಅಮೀಬಾ ಇರಬಹುದು. ಅಲರ್ಜಿ ಅದಕ್ಕೂ ಬಗ್ಗದಿದ್ದರೆ ಬ್ಯುಡೆಸೊನೈಡ್ ಸ್ಪ್ರೇ ಇದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚಬೇಕಿಲ್ಲ, ಮೂಗಿಗೆ ಹೊಡೆದದ್ದು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಮೂಗು ಥಟ್ಟನೆ ಬಿಡಿಸುವ ಆಕ್ಸಿಮೆಟಜೊಲಿನ್ ಹನಿಗಳ ಕಥೆ ಬೇರೆ. ಮೂರು ನಾಲ್ಕು ದಿನ ದಾಟಿದರೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ನನ್ನ ಆತಂಕವೆಲ್ಲ ಮೆಡಿಕಲ್ ಶಾಪಿನ ‘ಶೀತದ ಮಾತ್ರೆ’ಯ ಬಗ್ಗೆ. ಒಂದೇ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್, ಕೆಲವದರಲ್ಲಿ ಕೆಫೀನ್ ಕೂಡ. ಸೀನು ನಿಲ್ಲಿಸಲು ಬೇಕಿದ್ದದ್ದು ಒಂದು, ಹೊಟ್ಟೆಗೆ ಹೋದದ್ದು ನಾಲ್ಕು. ಇವುಗಳಲ್ಲಿ ಫಿನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುವಂಥದ್ದು. ಬಿಪಿ ಇರುವ ಬಸುರಿಗಂತೂ ಬೇಡವೇ ಬೇಡ. ತಮಾಷೆಯೆಂದರೆ, ಬಾಯಿಂದ ನುಂಗಿದರೆ ಅದು ಮೂಗು ಬಿಡಿಸುವುದೇ ಇಲ್ಲವೆಂದು 2023ರಲ್ಲಿ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿತು. ಅದರ ಸೋದರ ಸ್ಯೂಡೋಎಫೆಡ್ರಿನ್ ಮೊದಲ ಮೂರು ತಿಂಗಳಲ್ಲಿ ಶಿಶುವಿನ ಹೊಟ್ಟೆಯ ಗೋಡೆಯ ದೋಷಕ್ಕೆ ಕಾರಣವಾಗಬಹುದೆಂಬ ಅನುಮಾನವಿದೆ. ಬ್ರ್ಯಾಂಡಿನ ಹೆಸರಿನಿಂದ ಇದೊಂದೂ ತಿಳಿಯುವುದಿಲ್ಲ. ಸ್ಟ್ರಿಪ್ಪಿನ ಬೆನ್ನಿನ ಸಣ್ಣಕ್ಷರ ಓದಬೇಕು. ಅಂಗಡಿಯವನು ಎರಡೇ ಮಾತ್ರೆ ಕತ್ತರಿಸಿ ಕೊಟ್ಟರೆ ಆ ಅಕ್ಷರಗಳೂ ತುಂಡಾಗಿರುತ್ತವೆ. ಹಾಗಾಗಿ ಇಡೀ ಸ್ಟ್ರಿಪ್ ತೋರಿಸಲು ಕೇಳಿ, ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಆಮೇಲೆ ನುಂಗಿ.

ಆಸ್ತಮಾ ಇರುವವರ ಲೆಕ್ಕ ತಿರುಗುಮುರುಗು. ‘ಒಂಬತ್ತು ತಿಂಗಳು ಹೇಗೋ ತಡೆದುಕೋ’ ಎಂದು ಮನೆಯ ಹಿರಿಯರು ಹೇಳಿದರೆಂದು ಇನ್ಹೇಲರ್ ಬಿಟ್ಟರೆ, ತಾಯಿಗೆ ಸಾಲದ ಆಮ್ಲಜನಕ ಮಗುವಿಗೂ ಸಾಲದು. ಹತೋಟಿ ತಪ್ಪಿದ ಆಸ್ತಮಾದಿಂದ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು, ಬಿಪಿ ಏರಿಕೆ ಎಲ್ಲದರ ಅಪಾಯವೂ ಹೆಚ್ಚು. ಅಲರ್ಜಿಯ ಇಂಜೆಕ್ಷನ್ ಕೋರ್ಸನ್ನು ಮಾತ್ರ ಬಸುರಿನಲ್ಲಿ ಹೊಸದಾಗಿ ಶುರುಮಾಡುವುದಿಲ್ಲ. ಮೊದಲೇ ನಡೆಯುತ್ತಿದ್ದರೆ ಡೋಸ್ ಏರಿಸದೆ ಮುಂದುವರಿಸಬಹುದು.

ಕೊನೆಯ ತಿಂಗಳುಗಳಲ್ಲಿ ಮೈಮೇಲೆ ಗುಳ್ಳೆಯಿಲ್ಲದೆ ಅಂಗೈ, ಅಂಗಾಲು ತುರಿಸಿ ರಾತ್ರಿ ನಿದ್ದೆಗೆಡಿಸಿದರೆ ಅದಕ್ಕೆ ಸೆಟ್ರಿಜಿನ್ ಹಾಕಿ ಮಲಗಬೇಡಿ. ಪಿತ್ತಜನಕಾಂಗದಲ್ಲಿ ಪಿತ್ತದ ಹರಿವು ನಿಧಾನವಾದಾಗಲೂ ಹೀಗಾಗುತ್ತದೆ; ಅದು ತೀವ್ರವಾದರೆ ಮಗುವಿನ ಜೀವಕ್ಕೇ ಅಪಾಯ. ಮರುದಿನವೇ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಪಿತ್ತಾಮ್ಲ ಮತ್ತು ಲಿವರ್ ಪರೀಕ್ಷೆ ಮಾಡಿಸಿ.