ಯಂತ್ರಹಸ್ತದ ಶಸ್ತ್ರಚಿಕಿತ್ಸೆಯೂ ಅಂತರ್ಜಾಲದ ತಿಳಿವಳಿಕೆಯೂ

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ತಿಳಿಸಿದೊಡನೆ, ಆ ವಿಷಯವನ್ನು ಅಂತರ್ಜಾಲದಲ್ಲಿ ಹುಡುಕಿ ಓದುವುದು ಈಗ ರೂಢಿಯಾಗಿದೆ. ತನ್ನ ದೇಹಕ್ಕೆ ಏನಾಗಲಿದೆಯೆಂಬುದನ್ನು ರೋಗಿಯು ತಿಳಿಯಬಯಸುವುದು ಯುಕ್ತವೇ ಸರಿ. ಆದರೆ ಓದಲು ಸಿಕ್ಕುವುದೆಲ್ಲವೂ ಒಂದೇ ತೂಕದ್ದಲ್ಲ. ರೋಬೋಟಿನ ಸಹಾಯದಿಂದ ನಡೆಯುವ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ರೋಬೋಟ್ ಎಂಬ ಹೆಸರನ್ನು ಕೇಳಿದವರು, ಯಂತ್ರವು ಸ್ವಬುದ್ಧಿಯಿಂದಲೇ ಕೊಯ್ಯುವುದೆಂದು ಭಾವಿಸುವುದುಂಟು. ಅದು ಹಾಗಲ್ಲ. ಅಮೇರಿಕಾದಲ್ಲಿ 2000ನೆಯ ಇಸವಿಯಲ್ಲಿ ಸರಕಾರದ ಅನುಮತಿಯನ್ನು ಪಡೆದ ‘ಡಾ ವಿಂಚಿ’ ಎಂಬ ಯಂತ್ರದಲ್ಲಿ, ಶಸ್ತ್ರವೈದ್ಯರು ರೋಗಿಯಿಂದ ತುಸು ದೂರದಲ್ಲಿ ಕುಳಿತು, ದೇಹದ ಒಳಭಾಗದ ದೊಡ್ಡದಾದ ಚಿತ್ರವನ್ನು ನೋಡುತ್ತಾ ತಮ್ಮ ಕೈಗಳನ್ನು ಆಡಿಸುತ್ತಾರೆ. ಯಂತ್ರದ ತೋಳುಗಳು ಅದನ್ನನುಸರಿಸಿ, ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕ ಉಪಕರಣಗಳನ್ನು ನಡೆಸುತ್ತವೆ. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯುವ ವಿಧಾನಕ್ಕಿಂತ ಇದರಲ್ಲಿ ಗಾಯವು ಚಿಕ್ಕದು. ರಕ್ತಸ್ರಾವವೂ ಸಾಮಾನ್ಯವಾಗಿ ಕಡಿಮೆ. ಆದರೆ ಈ ಅನುಕೂಲಗಳಲ್ಲಿ ಹೆಚ್ಚಿನವು, ರೋಬೋಟಿಲ್ಲದೆ ಲ್ಯಾಪರೋಸ್ಕೋಪಿನ ಮೂಲಕ ಮಾಡುವ ಚಿಕಿತ್ಸೆಯಲ್ಲಿಯೂ ಉಂಟು. ಆದುದರಿಂದ ‘ಇದು ಉತ್ತಮ’ವೆಂದು ಓದಿದಾಗ, ಯಾವುದಕ್ಕಿಂತ ಉತ್ತಮವೆಂದು ಕೇಳಬೇಕು.

ಈ ಎಚ್ಚರಿಕೆಗೆ ಕಾರಣವುಂಟು. ಅಮೇರಿಕಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಆ ದೇಶದ 400 ಆಸ್ಪತ್ರೆಗಳ ಜಾಲತಾಣಗಳನ್ನು ಪರೀಕ್ಷಿಸಿ, 2011ರಲ್ಲಿ ವರದಿಯನ್ನು ಪ್ರಕಟಿಸಿದರು. ನೂರಕ್ಕೆ 41 ಆಸ್ಪತ್ರೆಗಳು ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಕುರಿತು ಬರೆದಿದ್ದವು. ಹಾಗೆ ಬರೆದವುಗಳಲ್ಲಿ ನೂರಕ್ಕೆ 86 ಈ ವಿಧಾನವೇ ಮೇಲೆಂದು ಸಾರಿದ್ದವು. ನೂರಕ್ಕೆ 73 ಯಂತ್ರದ ತಯಾರಕರೇ ಒದಗಿಸಿದ ಚಿತ್ರಗಳನ್ನೋ ಬರೆವಣಿಗೆಯನ್ನೋ ಬಳಸಿಕೊಂಡಿದ್ದವು. ಅಪಾಯಗಳನ್ನು ಹೇಳಿದುದು ಒಂದೂ ಇರಲಿಲ್ಲ. ಮಾರುವವನೇ ಬರೆದ ಮಾತು ವೈದ್ಯರ ಮಾತಿನಂತೆ ರೋಗಿಯ ಕಣ್ಣಿಗೆ ಬಿದ್ದಿತು.

ಇಂತಹ ಮೌನದಿಂದ ಹಾನಿಯಾಗಬಹುದೆಂಬುದಕ್ಕೆ ಸ್ತ್ರೀಯರಿಗೇ ಸಂಬಂಧಿಸಿದ ಒಂದು ನಿದರ್ಶನವಿದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಮೊದಲ ಹಂತದಲ್ಲಿ ಸಣ್ಣ ರಂಧ್ರಗಳ ಮೂಲಕ ಗರ್ಭಕೋಶವನ್ನು ತೆಗೆಯುವುದು, ದೊಡ್ಡ ಕೊಯ್ತಕ್ಕೆ ಸಮನಾದ ಫಲವನ್ನು ಕೊಡುವುದೆಂದು ಅನೇಕರು ನಂಬಿದ್ದರು. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ಇದು ತಪ್ಪೆಂದು ಕಂಡುಬಂದಿತು. ನಾಲ್ಕೂವರೆ ವರ್ಷಗಳ ತರುವಾಯ ರೋಗವು ಮರಳದೆ ಬದುಕಿದ್ದವರು, ದೊಡ್ಡ ಕೊಯ್ತದವರಲ್ಲಿ ನೂರಕ್ಕೆ 96.5, ಸಣ್ಣ ರಂಧ್ರಗಳ ಚಿಕಿತ್ಸೆ ಪಡೆದವರಲ್ಲಿ 86. ಈ ಎರಡನೆಯ ಗುಂಪಿನಲ್ಲಿ ಹೆಚ್ಚಿನವರಿಗೆ ಲ್ಯಾಪರೋಸ್ಕೋಪಿನಿಂದಲೂ ಕೆಲವರಿಗೆ ರೋಬೋಟಿನಿಂದಲೂ ಚಿಕಿತ್ಸೆಯಾಗಿತ್ತು. 2019ರ ಫೆಬ್ರವರಿಯಲ್ಲಿ ಅಮೇರಿಕಾದ ಔಷಧ ನಿಯಂತ್ರಣ ಇಲಾಖೆಯು, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರುಗಳಲ್ಲಿ ರೋಬೋಟಿನ ಸುರಕ್ಷಿತತೆಯು ಸಿದ್ಧವಾಗಿಲ್ಲವೆಂದು ಎಚ್ಚರಿಸಿತು. ಇದರಿಂದ ಎಲ್ಲ ರೋಗಗಳಲ್ಲಿಯೂ ಈ ಯಂತ್ರವು ಕೆಟ್ಟದ್ದೆಂದು ತಿಳಿಯಬಾರದು. ಒಂದು ರೋಗದಲ್ಲಿ ಸಿದ್ಧವಾದ ಗುಣವನ್ನು ಇನ್ನೊಂದಕ್ಕೆ ಆರೋಪಿಸಬಾರದೆಂದಷ್ಟೇ ತಾತ್ಪರ್ಯ.

ಹಾಗಾದರೆ ಒಳ್ಳೆಯ ಬರೆವಣಿಗೆಯನ್ನು ಗುರುತಿಸುವುದು ಹೇಗೆ? ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರಚಿತವಾಗಿ 1999ರಲ್ಲಿ ಪ್ರಕಟವಾದ ‘ಡಿಸರ್ನ್’ ಎಂಬ 16 ಪ್ರಶ್ನೆಗಳ ಅಳತೆಗೋಲು ಇದಕ್ಕಾಗಿಯೇ ಇದೆ. ಅದರ ಸಾರವಿಷ್ಟು: ಈ ಸಂಗತಿಗಳಿಗೆ ಆಧಾರವೇನು? ಅವು ಯಾವ ಕಾಲದವು? ಲಾಭದೊಡನೆ ಅಪಾಯವನ್ನೂ ಹೇಳಿದೆಯೇ? ಬೇರೆ ಚಿಕಿತ್ಸೆಗಳನ್ನು ತಿಳಿಸಿದೆಯೇ? ಚಿಕಿತ್ಸೆಯನ್ನೇ ಮಾಡಿಸದಿದ್ದರೆ ಏನಾಗುವುದೆಂದು ಹೇಳಿದೆಯೇ? ಇವುಗಳಿಗೆ ಉತ್ತರವಿಲ್ಲದ ಬರೆವಣಿಗೆಯು ಎಷ್ಟು ಅಂದವಾಗಿದ್ದರೂ ಜಾಹಿರಾತಿಗೆ ಸಮಾನವೇ.

ಓದಿದುದನ್ನು ನಂಬಿ ಚಿಕಿತ್ಸೆಯನ್ನು ತಾವೇ ನಿಶ್ಚಯಿಸುವುದೂ ಬಿಡುವುದೂ ತರವಲ್ಲ. ಉತ್ತರ ದೊರೆಯದ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ವೈದ್ಯರಲ್ಲಿ ಕೇಳಬೇಕು. ಈ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಸಲ ಮಾಡಿದ್ದೀರಿ, ಬೇರೆ ವಿಧಾನಕ್ಕಿಂತ ಖರ್ಚೆಷ್ಟು ಹೆಚ್ಚು ಎಂದು ಕೇಳುವುದು ಅವಿನಯವಲ್ಲ. ಇಂಗ್ಲಿಷ್ ಬಾರದ ತಾಯಿಗೋ ಅತ್ತೆಗೋ ಓದಿ ಹೇಳುವ ಹೊಣೆಯು ಅನೇಕ ಮನೆಗಳಲ್ಲಿ ಶಾಲೆ ಕಲಿತ ಮಗಳ ಮೇಲೆ, ಸೊಸೆಯ ಮೇಲೆ ಬೀಳುತ್ತದೆ. ಅಂಥವಳು ಲಾಭವನ್ನು ಓದಿ ಹೇಳಿದಷ್ಟೇ ಸ್ಪಷ್ಟವಾಗಿ ಅಪಾಯವನ್ನೂ ಹೇಳಲಿ. ಪುಟದಲ್ಲಿ ಅದು ಬರೆದಿಲ್ಲದಿದ್ದರೆ, ಬರೆದಿಲ್ಲವೆಂಬುದನ್ನೂ ಹೇಳಲಿ.