ಊರು ಕಟ್ಟಿದವರು, ಊರಿಗೆ ಬಂದವರು: ಅಮೆರಿಕ ಮತ್ತು ನಮ್ಮ ಬೀದರ್

ಅಮೆರಿಕದ ಇತಿಹಾಸ ಬಂದಾಗಲೆಲ್ಲ ನಾವು ಒಂದು ಉತ್ತರವನ್ನು ಬಾಯಿಪಾಠ ಒಪ್ಪಿಸುತ್ತೇವೆ. ಇಂಗ್ಲೆಂಡಿನಲ್ಲಿ ಧಾರ್ಮಿಕ ಕಿರುಕುಳ ತಾಳಲಾರದೆ ಜನರು ಹಡಗು ಹತ್ತಿದರು, ಸ್ವಾತಂತ್ರ್ಯಕ್ಕಾಗಿ ಹೊಸ ವಸಾಹತು ಕಟ್ಟಿದರು ಎಂದು. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ಓದಿದಾಗ ನನಗೆ ನಮ್ಮ ಬೀದರ್ ನೆನಪಾಯಿತು.

ಮೊದಲು ಅಮೆರಿಕದ ವಿಷಯ ನೋಡೋಣ. 1630ರಲ್ಲಿ ಪ್ಯೂರಿಟನ್ ಎಂಬ ಕ್ರೈಸ್ತ ಪಂಥದವರು ದೊಡ್ಡ ಸಂಖ್ಯೆಯಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದು ಬಾಸ್ಟನ್ ನಗರ ಕಟ್ಟಿದರು. ಅವರು ಕೇಳಿದ್ದು ತಮ್ಮ ಧರ್ಮಕ್ಕೆ ಸ್ವಾತಂತ್ರ್ಯ, ಎಲ್ಲರ ಧರ್ಮಕ್ಕೂ ಅಲ್ಲ. ಸರ್ಕಾರ ಯಾರ ನಂಬಿಕೆಯಲ್ಲೂ ಕೈಹಾಕಬಾರದು ಎಂದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಯನ್ನು ಅವರು ಗಡೀಪಾರು ಮಾಡಿದರು. ಕ್ವೇಕರ್ ಪಂಥದ ಮೇರಿ ಡೈಯರ್ ಎಂಬ ಮಹಿಳೆಯನ್ನು 1660ರಲ್ಲಿ ಬಾಸ್ಟನ್ನಿನಲ್ಲೇ ಗಲ್ಲಿಗೇರಿಸಿದರು. ಕಿರುಕುಳ ತಿಂದವರೇ ಕಿರುಕುಳ ಕೊಟ್ಟರು.

1649ರಲ್ಲಿ ಮೇರಿಲ್ಯಾಂಡ್ ವಸಾಹತು ಸಹಿಷ್ಣುತೆಯ ಕಾಯ್ದೆ ತಂದಿತು. ಆದರೆ ಅದರ ರಕ್ಷಣೆ ತ್ರಿತ್ವವನ್ನು ನಂಬುವ ಕ್ರೈಸ್ತರಿಗೆ ಮಾತ್ರ. ಯೇಸುವಿನ ದೈವತ್ವವನ್ನು ನಿರಾಕರಿಸಿದವರಿಗೆ ಅದೇ ಕಾಯ್ದೆಯಲ್ಲಿ ಮರಣದಂಡನೆ ಇತ್ತು. ಗಡೀಪಾರಾದ ವಿಲಿಯಮ್ಸ್ ಮಾತ್ರ 1636ರಲ್ಲಿ ನರಗಾನ್ಸೆಟ್ ಮೂಲನಿವಾಸಿಗಳಿಂದ ಜಾಗ ಪಡೆದು ಪ್ರಾವಿಡೆನ್ಸ್ ಎಂಬ ಊರು ಕಟ್ಟಿದರು. ಯಹೂದಿಗಳಿಗೂ ತುರ್ಕರಿಗೂ, ಅಂದರೆ ಮುಸ್ಲಿಮರಿಗೂ, ತಮ್ಮ ಆರಾಧನೆಯ ಹಕ್ಕು ಇರಬೇಕು ಎಂದು ಅವರು 1644ರಲ್ಲೇ ಬರೆದರು. ಆ ಕಾಲಕ್ಕೆ ಇದು ದೊಡ್ಡ ಮಾತು.

ಈಗ ನಮ್ಮ ಊರಿಗೆ ಬರೋಣ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹಮದ್ ಷಾ ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಈ ಒಬ್ಬ ಅರಸನಲ್ಲೇ ಎರಡು ಮುಖಗಳಿವೆ. ವಿಜಯನಗರದ ಮೇಲೆ ಅವನು ನಡೆಸಿದ ದಂಡಯಾತ್ರೆಯ ಕ್ರೌರ್ಯವನ್ನು ಇತಿಹಾಸಕಾರ ಫಿರಿಷ್ತಾ ಮುಚ್ಚಿಡದೆ ಬರೆದಿದ್ದಾನೆ. ಅದೇ ಸುಲ್ತಾನನನ್ನು ಇಂದು ಜನ ವಲಿ ಎನ್ನುತ್ತಾರೆ. ಅಷ್ಟೂರಿನಲ್ಲಿರುವ ಅವನ ಗೋರಿಗೆ ಮುಸ್ಲಿಮರಷ್ಟೇ ಭಕ್ತಿಯಿಂದ ಲಿಂಗಾಯತರೂ ಬರುತ್ತಾರೆ, ಅವನನ್ನು ಅಲ್ಲಮಪ್ರಭು ಎಂದೇ ನಂಬುತ್ತಾರೆ. ಹೋಳಿ ಹುಣ್ಣಿಮೆಯ ನಂತರ ಹಿಂದೂ ಪಂಚಾಂಗದ ಲೆಕ್ಕದಲ್ಲಿ ಉರುಸ್ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಬರುವ ಜಂಗಮರು ಅದರ ಮುಂದಾಳತ್ವ ವಹಿಸುತ್ತಾರೆ.

ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ "ನಮ್ಮ ಬೀದರ್ ಸೌಹಾರ್ದದ ಊರು" ಎಂದು ಭಾಷಣ ಮುಗಿಸುತ್ತೇವೆ. ಆದರೆ ಕಥೆ ಮುಂದೆಯೂ ಇದೆ. ಅಹಮದ್ ಷಾ ಇರಾನಿನ ಕಿರ್ಮಾನ್ ಕಡೆಯ ಸೂಫಿ ಷಾ ನಿಯಾಮತುಲ್ಲಾ ಅವರ ಮನೆತನದವರನ್ನು ಗೌರವದಿಂದ ಬರಮಾಡಿಕೊಂಡನು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಕಾಣುವ ಚೌಖಂಡಿ ಅವರ ಮಗ ಖಲೀಲುಲ್ಲಾ ಅವರದು. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಸೈನಿಕರು, ವ್ಯಾಪಾರಿಗಳು, ವಿದ್ವಾಂಸರೂ ಬಂದರು. ಇವರಿಗೆ ಆಫಾಕಿಗಳು ಎಂದು ಹೆಸರು. ಮೊದಲೇ ಇಲ್ಲಿ ನೆಲೆಸಿದ್ದವರು ದಖನಿಗಳು. ಆಫಾಕಿಗಳಲ್ಲಿ ಶಿಯಾ ಪಂಥದವರು ಬಹಳ, ದಖನಿಗಳಲ್ಲಿ ಸುನ್ನಿಗಳು ಹೆಚ್ಚು. ಜಗಳಕ್ಕೆ ಪಂಥ ಒಂದೇ ಕಾರಣವಲ್ಲ. ಹುದ್ದೆ, ಜಹಗೀರು, ದರ್ಬಾರಿನಲ್ಲಿ ನಿಲ್ಲುವ ಜಾಗ, ಎಲ್ಲವೂ ಸೇರಿದ್ದವು.

ಅಹಮದ್ ಷಾನ ಮಗ ಎರಡನೇ ಅಲಾವುದ್ದೀನ್ ಅಹಮದನ ಕಾಲದಲ್ಲಿ (1436–1458) ಕೊಂಕಣದ ಯುದ್ಧದಲ್ಲಿ ಸೋತ ಆಫಾಕಿ ಸೈನಿಕರು ಪುಣೆ ಹತ್ತಿರದ ಚಾಕಣ ಕೋಟೆ ಸೇರಿದರು. ಅವರು ದ್ರೋಹಿಗಳೆಂದು ದಖನಿ ಸರದಾರರು ಸುಲ್ತಾನನಿಗೆ ಸುಳ್ಳು ವರದಿ ಕಳಿಸಿದರು. ಆಮೇಲೆ ನಂಬಿಸಿ ಊಟಕ್ಕೆ ಕರೆದು ಕೊಂದರು ಎಂದು ಫಿರಿಷ್ತಾ ಬರೆಯುತ್ತಾನೆ. ಕೊಂದವರೂ ಸತ್ತವರೂ ಒಂದೇ ಕಲಿಮಾ ಹೇಳುವವರು.

ಇರಾನಿನ ಗಿಲಾನ್‌ನಿಂದ ಬಂದ ಮಹಮೂದ್ ಗವಾನ್ ಪ್ರಧಾನಿಯಾದಾಗ ಇದನ್ನು ಸರಿಪಡಿಸಲು ನೋಡಿದರು. ಹುದ್ದೆಗಳನ್ನು ಎರಡೂ ಗುಂಪಿಗೆ ಸಮನಾಗಿ ಹಂಚಿದರು. ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿ ಒಬ್ಬೊಬ್ಬರ ಕೈಯಲ್ಲಿದ್ದ ಬಲವನ್ನು ತಗ್ಗಿಸಿದರು. 1472ರಲ್ಲಿ ಮದರಸಾ ಕಟ್ಟಿಸಿದರು. ಆದರೆ ಅಧಿಕಾರ ಕಳೆದುಕೊಂಡವರು ಸುಮ್ಮನಿರಲಿಲ್ಲ. ಗವಾನರ ಮೊಹರಿದ್ದ ಕಾಗದದ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲದೆ 1481ರ ಏಪ್ರಿಲ್‌ನಲ್ಲಿ ಅವರ ತಲೆ ತೆಗೆಯಲಾಯಿತು. ಅಲ್ಲಿಂದ ರಾಜ್ಯ ಒಡೆಯುತ್ತ ಹೋಗಿ ಐದು ತುಂಡಾಯಿತು.

ಎರಡೂ ಕಥೆಗಳಿಂದ ನಾನು ತಿಳಿದುಕೊಂಡದ್ದು ಇಷ್ಟು. ಪರಧರ್ಮದವರನ್ನು ಸಹಿಸಿದವರು ತಮ್ಮವರೊಳಗಿನ ಭಿನ್ನಮತವನ್ನೂ ಸಹಿಸುತ್ತಾರೆ ಎಂದೇನಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ಅರಸನ ಕೃಪೆಯಿಂದ ಸಿಕ್ಕ ಸಹಿಷ್ಣುತೆ ಅರಸನ ಕೋಪದಿಂದ ಹೋಗಿಬಿಡುತ್ತದೆ. ನಮ್ಮ ಸಂವಿಧಾನದ 25ನೇ ವಿಧಿ ದೊಡ್ಡದು ಅನ್ನಿಸುವುದು ಅದಕ್ಕೇ. ಅಲ್ಲಿ ಧರ್ಮ ಸ್ವಾತಂತ್ರ್ಯ ಯಾರೋ ಕೊಡುವ ದಾನವಲ್ಲ, ಎಲ್ಲರ ಹಕ್ಕು.

ಕಾನೂನು ಮಾಡಲಾಗದ ಕೆಲಸವೂ ಒಂದಿದೆ, ಅದು ನಮ್ಮ ಪಾಲಿನದು. ಈ ಮೈಲೂರಿನಲ್ಲಿ ನಮ್ಮ ಜೊತೆ ಓದುವವರಲ್ಲಿ ಬೀದರಿನವರಿದ್ದಾರೆ, ಭಾಲ್ಕಿ, ಔರಾದ್ ಕಡೆಯವರಿದ್ದಾರೆ, ಬೇರೆ ರಾಜ್ಯದಿಂದ ಬಂದವರೂ ಇದ್ದಾರೆ. ಹಾಸ್ಟೆಲ್ಲಿನಲ್ಲಿ "ಇವ ಲೋಕಲ್, ಅವ ಹೊರಗಿನವ" ಎಂಬ ಮಾತು ಆಗಾಗ ಕೇಳುತ್ತದೆ. ಯಾರು ಯಾವ ಮಸೀದಿಗೆ ಹೋಗುತ್ತಾರೆ ಎಂಬುದೂ ಚರ್ಚೆಯಾಗುತ್ತದೆ. ಮೊಬೈಲಿಗೆ ಬಂದ ಯಾರದೋ ಮೇಲಿನ ಆರೋಪವನ್ನು ಓದಿದ ಕೂಡಲೇ ಮುಂದಕ್ಕೆ ಕಳಿಸುವವರಿದ್ದೇವೆ. ಗವಾನರನ್ನು ಕೊಂದದ್ದು ಅಂಥದೇ ಒಂದು ಪತ್ರ, ಅದು ನಿಜವೇ ಎಂದು ಯಾರೂ ವಿಚಾರಿಸಲಿಲ್ಲ.

ಮುಂದಿನ ರಜೆಯಲ್ಲಿ ಮದರಸಾ ನೋಡಿಕೊಂಡು ಗೋರ್ನಳ್ಳಿ ಕಡೆಗೂ ಹೋಗಿಬನ್ನಿ. ಅಷ್ಟು ದೊಡ್ಡ ಮದರಸಾ ಕಟ್ಟಿಸಿದವರ ಗೋರಿ ಅಲ್ಲಿ ಎಷ್ಟು ಸಾದಾ ಇದೆ ಎಂದು ಕಣ್ಣಾರೆ ನೋಡಬಹುದು.