ಕೆನ್ನೆಗೊಂದು ಆಸರೆ: ಬೇಟೆಗಾರನ ಕೋವಿಯಿಂದ ಒಲಿಂಪಿಕ್ಸ್‌ವರೆಗೆ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಫೈನಲ್‌ನಲ್ಲಿ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದರು. ಕಬನೂರ, ಇಚಲಕರಂಜಿ, ಗಡಹಿಂಗ್ಲಜದವರಿಗೆ ಅದು ಮನೆಮಗ ಗೆದ್ದಷ್ಟೇ ಸಂಭ್ರಮ. ಅವರು ನಮ್ಮದೇ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯವರು. ಆ ಫೈನಲ್‌ನ ದೃಶ್ಯ ಮತ್ತೊಮ್ಮೆ ನೋಡಲು ಸಿಕ್ಕರೆ ರೈಫಲ್ಲಿನ ಬಟ್ ಮೇಲೆ ಕೆನ್ನೆ ಊರಿರುವ ಜಾಗವನ್ನು ಗಮನಿಸಿ. ಅಲ್ಲಿ ಏರಿಸಿ ಇಳಿಸಬಹುದಾದ ಒಂದು ಸಣ್ಣ ತುಂಡಿರುತ್ತದೆ. ಶೂಟರ್‌ಗಳು ಅದನ್ನು ಚೀಕ್‌ಪೀಸ್ ಎನ್ನುತ್ತಾರೆ.

ಅದು ಹುಟ್ಟಿದ್ದು ಬೇಟೆಯ ಕಾಡಿನಲ್ಲಿ. ಜರ್ಮನಿಯ ಬೇಟೆಗಾರರು ತಮ್ಮ ಕೋವಿಯ ಮರದ ಬಟ್‌ನಲ್ಲೇ ಕೆನ್ನೆಗೊಂದು ಉಬ್ಬು ಕೆತ್ತಿಸಿಕೊಳ್ಳುತ್ತಿದ್ದರು. ಆ ಮಾದರಿ ಹಿಡಿದೇ 1800ರಲ್ಲಿ ಬ್ರಿಟಿಷ್ ಸೇನೆಯ ಬೇಕರ್ ರೈಫಲ್ಲಿಗೂ ಅಂಥ ಉಬ್ಬು ಬಂತು. ಆಗ ಗುರಿ ಹಿಡಿಯುತ್ತಿದ್ದುದು ನಳಿಗೆಯ ಮೇಲಿನ ಲೋಹದ ಗುರಿಕಣ್ಣಿನಿಂದ. ಅದು ನಳಿಗೆಗೆ ಅಂಟಿಕೊಂಡಂತೆ ತಗ್ಗಿನಲ್ಲಿರುತ್ತಿದ್ದರಿಂದ ಬಟ್ ಕೂಡ ತಗ್ಗಾಗಿದ್ದರೆ ಸಾಕಿತ್ತು.

ಕೋವಿಗೆ ದೂರದರ್ಶಕ, ಅಂದರೆ ಸ್ಕೋಪು, ಬಂದ ಮೇಲೆ ಲೆಕ್ಕ ತಪ್ಪಿತು. ಸ್ಕೋಪು ನಳಿಗೆಗಿಂತ ಎತ್ತರದಲ್ಲಿ ಕೂರುತ್ತದೆ, ಕಣ್ಣೂ ಏರಬೇಕು. ಕಣ್ಣು ಏರಿದರೆ ಕೆನ್ನೆ ಮರದಿಂದ ಬಿಡುತ್ತದೆ, ಬಟ್‌ಗೆ ತಾಗುವುದು ಬರೀ ಗದ್ದ. ಆಸರೆಯಿಲ್ಲದ ತಲೆ ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಬೇರೆ ಕಡೆ ನಿಲ್ಲುತ್ತದೆ. ಸ್ಕೋಪಿನ ಅಂಚಿನಲ್ಲಿ ಕಪ್ಪು ನೆರಳು ಮೂಡುತ್ತದೆ, ಗುರಿ ಜಾರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಲೀ ಎನ್‌ಫೀಲ್ಡ್‌ನ ಸ್ನೈಪರ್ ರೈಫಲ್ಲಿಗೆ ಮರದ ದಿಂಬೊಂದನ್ನು ಸ್ಕ್ರೂ ಹಾಕಿ ಕೂರಿಸಿದರು. ಅಮೆರಿಕನ್ನರ ಗರಾಂಡ್ ಸ್ನೈಪರ್ ರೈಫಲ್ಲಿನಲ್ಲಿ ಸ್ಕೋಪು ಎಡಕ್ಕೆ ಸರಿದು ಕೂರುತ್ತಿತ್ತು. ಅದಕ್ಕೆ ಚರ್ಮದ ಪಟ್ಟಿಯೊಂದನ್ನು ದಾರ ಹಾಕಿ ಬಿಗಿದರು. ಇವೆಲ್ಲ ಕೂರಿಸಿದ ಮೇಲೆ ಎತ್ತರ ಬದಲಾಗದ ಉಪಾಯಗಳು. ಆದರೆ ಕೊಲ್ಹಾಪುರಿ ಚಪ್ಪಲಿಯಂತೆ ಕೆನ್ನೆಯ ಆಸರೆಯೂ ಅವರವರ ಅಳತೆಗೇ ಆಗಬೇಕಾದ ವಸ್ತು. ಎರಡು ಕಂಬಿಗಳ ಮೇಲೆ ಏರಿಳಿಯುವ, ಸ್ಕ್ರೂ ಬಿಗಿದರೆ ನಿಲ್ಲುವ ಇಂದಿನ ತುಂಡು ಬಂದದ್ದು ಆ ಕಾರಣಕ್ಕೆ.

ನಮ್ಮಲ್ಲಿ ಬೇಟೆಯ ಕೋವಿಗೆ ಇದನ್ನು ಆರಿಸುವ ಪ್ರಶ್ನೆಯೇ ಈಗಿಲ್ಲ, ಅದು ಒಳ್ಳೆಯದೇ. ಕೊಲ್ಹಾಪುರದ ಅರಸರು ಬೇಟೆಗೆ ಹೋಗುತ್ತಿದ್ದ ದಾಜಿಪುರದ ಕಾಡು 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕ್ರಮೇಣ ದೇಶದಲ್ಲೇ ಬೇಟೆಗೆ ತೆರೆ ಎಳೆಯಿತು. ಗುರಿಯ ವಿದ್ಯೆ ಮಾತ್ರ ಜಿಲ್ಲೆ ಬಿಟ್ಟು ಹೋಗಲಿಲ್ಲ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಭಾಗದ ವಿಶ್ವ ಚಾಂಪಿಯನ್ ಆದರು. ಸ್ವಪ್ನಿಲ್ ಬಂದದ್ದು ಆ ದಾಜಿಪುರ ಇರುವ ತಾಲ್ಲೂಕಿನಿಂದಲೇ. ಈ ಸಂಗತಿ ನನಗೆ ಬಹಳ ಪ್ರಿಯ.

ಒಲಿಂಪಿಕ್ಸ್ ರೈಫಲ್ಲಿನಲ್ಲಿ ಸ್ಕೋಪು ಇಲ್ಲ, ಸಣ್ಣ ತೂತಿನ ಗುರಿಕಣ್ಣಿರುತ್ತದೆ. ಅದೂ ಎತ್ತರದಲ್ಲೇ ಕೂರುತ್ತದೆ. 50 ಮೀಟರ್ ದೂರದಲ್ಲಿರುವ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ತ್ರೀ ಪೊಸಿಷನ್ಸ್‌ನಲ್ಲಿ ಮೊದಲು ಮಂಡಿಯೂರಿ, ಆಮೇಲೆ ಮಲಗಿ, ಕೊನೆಗೆ ನಿಂತು ಹೊಡೆಯಬೇಕು. ಭಂಗಿ ಬದಲಾದಂತೆ ತಲೆ ಒರಗುವ ರೀತಿಯೂ ಬದಲಾಗುತ್ತದೆ, ಹಾಗಾಗಿ ಶೂಟರ್ ನಡುವೆ ಸಿಗುವ ಕೆಲವೇ ನಿಮಿಷಗಳಲ್ಲಿ ಚೀಕ್‌ಪೀಸನ್ನೂ ಹೊಂದಿಸಿಕೊಳ್ಳಬೇಕು.

ಚೀಕ್‌ಪೀಸ್ ಆರಿಸುವ ವಿಧಾನ ಸರಳ. ಗುಂಡಿಲ್ಲದ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ತಲೆಯ ಭಾರವನ್ನೆಲ್ಲ ತುಂಡಿನ ಮೇಲೆ ಬಿಟ್ಟು ಕಣ್ಣು ತೆರೆಯಬೇಕು. ಗುರಿಕಣ್ಣಿನೊಳಗೆ ವೃತ್ತ ಪೂರ್ತಿ, ಮಧ್ಯಕ್ಕೆ ಕಂಡರೆ ಎತ್ತರ ಸರಿ. ಕುತ್ತಿಗೆ ಚಾಚಬೇಕಾದರೆ ತುಂಡು ತಗ್ಗು, ಕೆನ್ನೆ ಒತ್ತಿ ಹಿಂಡಬೇಕಾದರೆ ಎತ್ತರ. ಬೋಲ್ಟ್ ಹಿಂದಕ್ಕೆ ಎಳೆದಾಗ ತುಂಡಿಗೆ ತಾಗಬಾರದು. ಬಿಗಿದ ಸ್ಕ್ರೂ ಅಲುಗಬಾರದು. ಸ್ಪಂಜು ಸುತ್ತಿ ಟೇಪು ಹಚ್ಚುವುದನ್ನು ನಾನಂತೂ ಒಪ್ಪುವುದಿಲ್ಲ. ಸ್ಪಂಜು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತಗ್ಗುತ್ತದೆ, ಎತ್ತರ ಒಂದೇ ನಿಲ್ಲುವುದಿಲ್ಲ.

ಕಬನೂರದ ಯಾವ ತಂದೆ-ತಾಯಿಯಾದರೂ ಮಗಳಿಗೋ ಮಗನಿಗೋ ಮೊದಲ ಏರ್ ರೈಫಲ್ ಕೊಡಿಸಲು ಹೊರಟಿದ್ದರೆ, ಬಣ್ಣ, ಬ್ರ್ಯಾಂಡು ಆಮೇಲೆ ನೋಡಿ. ಮಗುವನ್ನು ಜೊತೆಗೆ ಕರೆದೊಯ್ದು, ಕೋಚ್ ಎದುರಿಗೇ ಅದರ ಕೆನ್ನೆ ಊರಿಸಿ ನೋಡಿ, ಆಮೇಲೆ ದುಡ್ಡು ಕೊಡಿ.